ಹಳೆಯ ದೊಡ್ಡ ಕಾರು: ಕೊಳ್ಳುವ ಬೆಲೆ ಮತ್ತು ಸಾಕುವ ಬೆಲೆ

ನಮ್ಮ ಪತ್ರಿಕೆಯಲ್ಲಿ ಗೊಬ್ಬರ, ಮೈಲುತುತ್ತ, ಕಾಯಿಕೊರಕ, ಎಲೆಚುಕ್ಕಿ ರೋಗಗಳ ವಿಚಾರ ಬಿಟ್ಟು ಕಾರಿನ ವಿಚಾರ ಬರೆಯುವ ಪ್ರಸಂಗ ಬಂದೀತೆಂದು ನಾವು ಎಣಿಸಿರಲಿಲ್ಲ. ಸದಸ್ಯ ಬಾಂಧವರು ಕ್ಷಮಿಸಬೇಕು. ಬರೆಯುವುದಕ್ಕೆ ಕಾರಣವಿದೆ. ಆ ಕಾರಣದಲ್ಲಿ ನಮ್ಮ ಪಾಲೂ ಇದೆ.

2024ರಲ್ಲಿ ರೋಬಸ್ಟಾ ಪಾರ್ಚ್‌ಮೆಂಟಿನ 50 ಕಿಲೋ ಚೀಲಕ್ಕೆ ಹತ್ತು ಸಾವಿರ ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿದೆ. ಅಂಥ ಬೆಲೆಯನ್ನು ನಮ್ಮ ಹಿರಿಯರೂ ಕಂಡವರಲ್ಲ. ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಕೆಲವರು ಸಾಲ ತೀರಿಸಿದರು, ಕೆಲವರು ಕಣ ಮಾಡಿಸಿದರು, ಕೆಲವರು ಮಗಳ ಮದುವೆ ಮುಗಿಸಿದರು. ಇನ್ನು ಕೆಲವರ ಅಂಗಳಕ್ಕೆ ಬೆಂಗಳೂರಿನಿಂದ ಹಳೆಯ ದೊಡ್ಡ ಕಾರುಗಳು ಬಂದವು. ಹೊಸದಾಗಿದ್ದಾಗ ಐವತ್ತು, ಅರವತ್ತು ಲಕ್ಷ ಬಾಳುತ್ತಿದ್ದ ಯೂರೋಪಿನ ಗಾಡಿಗಳು ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಏಳೆಂಟು ಲಕ್ಷಕ್ಕೆ ಸಿಗುತ್ತವೆಂದರೆ ಯಾರಿಗೆ ಆಸೆಯಾಗದು? ಒಂದು ಹೊಸ ಸಣ್ಣ ಕಾರಿನ ದುಡ್ಡಿಗೆ ಮಂತ್ರಿಗಳು ಓಡಾಡುವಂಥ ಗಾಡಿ.

ಹಾಗೆ ಆಸೆಪಟ್ಟವರಲ್ಲಿ ನಾವೂ ಒಬ್ಬರು. 2024ರ ಮೇ ತಿಂಗಳಲ್ಲಿ 2012ರ ಮಾದರಿಯ ಡೀಸೆಲ್ ಸೆಡಾನೊಂದನ್ನು ಏಳೂವರೆ ಲಕ್ಷಕ್ಕೆ ತಂದೆವು. ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ, ಈ ವಯಸ್ಸಿನಲ್ಲಿ ಎಲ್ಲ ಕಂಪನಿಯವೂ ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತವೆ. ಸಂಘದ ಕಚೇರಿಯ ಮುಂದೆ ಅದು ನಿಂತ ದಿನ ನೋಡಲು ಬಂದವರಿಗೆಲ್ಲ ಬಾಗಿಲು ತೆಗೆದು ಕೂರಿಸಿದ್ದೂ ನಿಜ.

ಕಾರಣ ಇಷ್ಟು. ಕಳೆದ ಅಕ್ಟೋಬರಿನಲ್ಲಿ ನಮ್ಮ ಸದಸ್ಯರೊಬ್ಬರು ತಾಯಿ ಮತ್ತು ಹೆಂಡತಿಯನ್ನು ಕೂರಿಸಿಕೊಂಡು ಅಂಥದೇ ಒಂದು ಹಳೆಯ ಗಾಡಿಯಲ್ಲಿ ಧರ್ಮಸ್ಥಳಕ್ಕೆ ಹೊರಟಿದ್ದರು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಸುಟ್ಟ ವಾಸನೆ ಬಂತು. ಇನ್ನೆರಡು ತಿರುವು ಕಳೆಯುವಷ್ಟರಲ್ಲಿ ಬ್ರೇಕಿನ ಪೆಡಲು ಹತ್ತಿಯ ಮೇಲೆ ಕಾಲಿಟ್ಟ ಹಾಗೆ ನೆಲಕ್ಕೆ ಹೋಯಿತು. ಅವರು ಗಾಬರಿಯಾಗದೆ ಗೇರನ್ನು ಕೆಳಕ್ಕೆ ಇಳಿಸಿ, ಕಂದಕದ ಕಡೆ ಬಿಟ್ಟು ಗುಡ್ಡದ ಕಡೆಯ ಚರಂಡಿಗೆ ಚಕ್ರ ಹಾಕಿ ನಿಲ್ಲಿಸಿದರು. ಮುಂದಿನ ಬಂಪರು, ಎಡಗಡೆ ಚಕ್ರ, ಅದರ ಕೈಗಳು ಮುರಿದವು. ಜನಕ್ಕೆ ಏನೂ ಆಗಲಿಲ್ಲ, ದೇವರು ದೊಡ್ಡವನು.

ಹದಿನೈದು ದಿನ ಬಿಟ್ಟು ಅವರು ಕಚೇರಿಗೆ ಬಂದರು. ಕೈಯಲ್ಲಿ ಬೆಳೆ ಸಾಲದ ಅರ್ಜಿ. ನಮೂದಿಸಿದ ಉದ್ದೇಶ ಗೊಬ್ಬರ ಮತ್ತು ಮರಗಸಿ. ಅಸಲು ಉದ್ದೇಶ ನಮಗೆ ಗೊತ್ತಿತ್ತು, ನಮಗೆ ಗೊತ್ತೆಂಬುದು ಅವರಿಗೂ ಗೊತ್ತಿತ್ತು. ಅರ್ಜಿ ನೋಡಿ ನಾವು ಸುಮ್ಮನಿದ್ದುದನ್ನು ಕಂಡು ಅವರೇ ಅಂದರು: "ಸೆಕ್ರೆಟ್ರಿಗಳೇ, ನಿಮ್ಮ ಗಾಡಿ ನೋಡೇ ಅಲ್ವಾ ನಾನೂ ತಗಂಡಿದ್ದು."

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಗಾಡಿ ತಂದ ದಿನ ಬಾಗಿಲು ತೆಗೆದು ತೋರಿಸಿದವರು ಆಮೇಲಿನ ಬಿಲ್ಲುಗಳನ್ನು ಯಾರಿಗೂ ತೋರಿಸಿರಲಿಲ್ಲ. ಈಗ ತೋರಿಸುತ್ತಿದ್ದೇವೆ.

ನಮ್ಮ ಪುಸ್ತಕದ ಲೆಕ್ಕ

ಇಪ್ಪತ್ತು ತಿಂಗಳಲ್ಲಿ ನಮ್ಮ ಗಾಡಿ ಓಡಿದ್ದು ಸುಮಾರು 14,000 ಕಿಲೋಮೀಟರು. ಡೀಸೆಲ್, ವಿಮೆ, ಎಂಜಿನ್ ಆಯಿಲ್ ಬಿಟ್ಟು ರಿಪೇರಿಗೆ ಮಾತ್ರ ಆದ ಖರ್ಚು ಹೀಗಿದೆ:

ನಾಲ್ಕು ಟೈರು: ರೂ. 48,000
ಮುಂದಿನ ಎರಡು ಗಾಳಿ ಸಸ್ಪೆನ್ಷನ್, ರೀಕಂಡೀಷನ್ ಮಾಡಿದ್ದು: ರೂ. 76,000
ಅದರ ಕಂಪ್ರೆಸರು: ರೂ. 42,000
ಗೇರ್‌ಬಾಕ್ಸ್ ಆಯಿಲ್, ಫಿಲ್ಟರು, ಪ್ಯಾನು: ರೂ. 24,000
ಮುಂದಿನ ಬ್ರೇಕ್ ಡಿಸ್ಕು ಮತ್ತು ಪ್ಯಾಡು: ರೂ. 31,000
ಎಂಜಿನ್ ಮತ್ತು ಗೇರ್‌ಬಾಕ್ಸ್ ಮೌಂಟಿಂಗು: ರೂ. 36,000
ನೀರು ನುಗ್ಗಿ ಕೆಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆಯ ರಿಪೇರಿ: ರೂ. 28,000
ಬ್ಯಾಟರಿ: ರೂ. 19,000
ಇಲಿ ಕಡಿದ ವೈರಿಂಗು: ರೂ. 14,000
ಲಾರಿಯಲ್ಲಿ ಹೇರಿಕೊಂಡು ಹೋದದ್ದು, ಎರಡು ಸಲ: ರೂ. 17,000

ಒಟ್ಟು ರೂ. 3,35,000. ಕೊಂಡ ಬೆಲೆಯ ನೂರಕ್ಕೆ ಸುಮಾರು 45. ಕಿಲೋಮೀಟರಿಗೆ ಭಾಗಿಸಿದರೆ ರಿಪೇರಿಯೊಂದೇ ಸುಮಾರು 24 ರೂಪಾಯಿ. ಡೀಸೆಲ್ ಇದರ ಮೇಲೆ. ಬಾಡಿಗೆ ಕಾರು ಮಾಡಿಕೊಂಡು ಹೋಗಿದ್ದರೆ ಇದಕ್ಕಿಂತ ಅಗ್ಗವಾಗುತ್ತಿತ್ತೆಂದು ಮನೆಯವರು ಹೇಳಿದ್ದು ಸರಿಯಾದ ಮಾತೇ.

ಇದರಲ್ಲಿ ಯಾರೂ ನಮಗೆ ಮೋಸ ಮಾಡಿದ್ದಲ್ಲ. ಏಳೂವರೆ ಲಕ್ಷಕ್ಕೆ ಇಳಿದದ್ದು ಗಾಡಿಯ ಬೆಲೆ ಮಾತ್ರ. ಅದರ ಒಂದೊಂದು ಬಿಡಿಭಾಗವೂ ಇವತ್ತಿಗೂ ಅರವತ್ತು ಲಕ್ಷದ ಗಾಡಿಯ ಬಿಡಿಭಾಗವೇ. ಮಾರುವವನು ಮೂಲ ಬೆಲೆಯನ್ನು ಮರೆಯಬಹುದು, ಗಾಡಿ ಮರೆಯುವುದಿಲ್ಲ. ಅಂಬಾಸಿಡರ್ ಕಾಲದಲ್ಲಿ ಹೀಗಿರಲಿಲ್ಲ. ಅದರ ತಯಾರಿಕೆ 2014ರಲ್ಲಿ ನಿಂತಿತು. ಅಲ್ಲಿಯವರೆಗೂ ಯಾವ ಊರಿನ ಗ್ಯಾರೇಜಿನಲ್ಲಿ ಬೇಕಾದರೂ ಸ್ಪ್ಯಾನರು, ಸುತ್ತಿಗೆ, ಒಂದು ತುಂಡು ತಂತಿ ಇದ್ದರೆ ಸಂಜೆಗೆ ಮನೆ ಸೇರಬಹುದಿತ್ತು. ಈ ಗಾಡಿಗಳಿಗೆ ಮೊದಲು ಕಂಪ್ಯೂಟರು ಹಚ್ಚಿ ಕೇಳಬೇಕು, ಆಮೇಲೆ ಸ್ಪ್ಯಾನರು.

ಇನ್ನು ಸಾಮಾನ್ಯವಾಗಿ ಬರುವ ತೊಂದರೆಗಳನ್ನು ಒಂದೊಂದಾಗಿ ಹೇಳುತ್ತೇವೆ.

ಗಾಳಿಯ ಮೇಲೆ ನಿಂತ ಗಾಡಿ

ದೊಡ್ಡ ಕಾರುಗಳಲ್ಲಿ ಕೆಲವಕ್ಕೆ ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತದೆ. ಹೊಸದರಲ್ಲಿ ತೊಟ್ಟಿಲಿನ ಸುಖ. ಆದರೆ ರಬ್ಬರು ರಬ್ಬರೇ. ಹತ್ತು ವರ್ಷದ ಹೊತ್ತಿಗೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಒಂದು ಮೂಲೆಗೆ ಕುಸಿದು, ಕಾಲು ಮುರಿದ ಎತ್ತಿನ ಹಾಗೆ ಕೂತಿದ್ದರೆ ಅಲ್ಲಿ ಗಾಳಿ ಸೋರುತ್ತಿದೆ ಎಂದರ್ಥ. ಸ್ಟಾರ್ಟು ಮಾಡಿದರೆ ಎದ್ದು ನಿಲ್ಲುತ್ತದೆ, ನಾವೂ ಮರೆಯುತ್ತೇವೆ. ಇಲ್ಲೇ ತಪ್ಪುವುದು. ಸೋರಿದ ಗಾಳಿಯನ್ನು ತುಂಬಲು ಕಂಪ್ರೆಸರು ಇಡೀ ದಿನ ಓಡಿ ಓಡಿ ಸುಟ್ಟುಹೋಗುತ್ತದೆ. ನಮ್ಮ ಲೆಕ್ಕದಲ್ಲಿರುವ 42,000 ರೂಪಾಯಿ ಹೀಗೆ ಹೋದದ್ದು. ಕುಸಿದದ್ದನ್ನು ಕಂಡ ವಾರದಲ್ಲೇ ಚೀಲ ಬದಲಿಸಿದ್ದರೆ ಕಂಪ್ರೆಸರು ಉಳಿಯುತ್ತಿತ್ತು.

ಕೊಳ್ಳುವ ಮೊದಲು ಗಾಡಿಯನ್ನು ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟು ಮಾಡುವ ಮುನ್ನ ನಾಲ್ಕೂ ಚಕ್ರದ ಮೇಲಿನ ಅಂತರವನ್ನು ಟೇಪಿನಲ್ಲಿ ಅಳೆಯಿರಿ. ಕೆಲವು ಮಾದರಿಗಳಿಗೆ ಗಾಳಿ ತೆಗೆದು ಉಕ್ಕಿನ ಸ್ಪ್ರಿಂಗು ಕೂರಿಸುವ ಸಾಮಾನು ಸಿಗುತ್ತದೆ. ಸುಖ ಕಡಿಮೆ, ನಿಶ್ಚಿಂತೆ ಹೆಚ್ಚು. ನಮ್ಮ ತೋಟದ ರಸ್ತೆಗಳಿಗೆ ಅದೇ ವಾಸಿಯೆಂದು ಈಗ ಅನಿಸುತ್ತದೆ.

"ಜೀವಮಾನದ ಆಯಿಲ್"

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲನ್ನು ಜೀವಮಾನವಿಡೀ ಬದಲಿಸಬೇಕಿಲ್ಲ ಎಂಬ ಮಾತನ್ನು ಹಲವು ಕಾರು ಕಂಪನಿಗಳು ಹೇಳುತ್ತ ಬಂದವು. ಯಾರ ಜೀವಮಾನ ಎಂದು ಹೇಳಲಿಲ್ಲ. ಬಹಳ ಯೂರೋಪಿಯನ್ ಕಾರುಗಳಿಗೆ ಗೇರ್‌ಬಾಕ್ಸು ಮಾಡಿಕೊಡುವ ಜರ್ಮನಿಯ ಜ಼ೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿಗೆ, ಇಲ್ಲವೇ ಎಂಟು ವರ್ಷಕ್ಕೆ ಆಯಿಲ್ ಬದಲಿಸಿ ಎನ್ನುತ್ತದೆ. ಹಳೆಯ ಗಾಡಿ ಕೊಂಡಾಗ ಆಯಿಲ್ ಬದಲಿಸಿದ ಬಿಲ್ಲು ಕೈಗೆ ಸಿಗದಿದ್ದರೆ ಬದಲಿಸಿಲ್ಲವೆಂದೇ ತಿಳಿಯತಕ್ಕದ್ದು. ಗೇರು ಬೀಳುವಾಗ ಹಿಂದಿನಿಂದ ಯಾರೋ ಒದ್ದ ಹಾಗಾಗುವುದು, ರಿವರ್ಸಿಗೆ ಹಾಕಿದರೆ ಎರಡು ಕ್ಷಣ ಯೋಚಿಸುವುದು, ಇವೆಲ್ಲ ಮುನ್ಸೂಚನೆ. 24,000 ರೂಪಾಯಿಯ ಆಯಿಲ್ ಕೆಲಸವನ್ನು ಮುಂದೂಡಿದವರು ಲಕ್ಷಗಳ ಗೇರ್‌ಬಾಕ್ಸ್ ಕೆಲಸಕ್ಕೆ ಕೈಹಾಕಬೇಕಾಗುತ್ತದೆ.

ಬಿಸಿ ಮತ್ತು ಚೈನು

ರೇಡಿಯೇಟರಿನ ತಲೆ, ನೀರಿನ ಟ್ಯಾಂಕು, ಥರ್ಮೋಸ್ಟಾಟಿನ ಗೂಡು ಇವೆಲ್ಲ ಈಗ ಪ್ಲಾಸ್ಟಿಕ್ಕು. ಬಿಸಿ ತಣ್ಣಗೆ ತಿಂದು ತಿಂದು ಹತ್ತು ವರ್ಷಕ್ಕೆ ಬಿಸ್ಕತ್ತಿನಂತಾಗುತ್ತವೆ. ಘಾಟಿ ಏರುವಾಗಲೇ ಒಡೆಯುವುದು ವಾಡಿಕೆ, ಏಕೆಂದರೆ ಆಗಲೇ ಒತ್ತಡ ಹೆಚ್ಚು. ಬಿಸಿಯ ಮುಳ್ಳು ಮೇಲೆ ಹೋದರೆ "ಇನ್ನೊಂದು ಮೈಲಿ" ಎನ್ನದೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಅಲ್ಯೂಮಿನಿಯಂ ಹೆಡ್ಡು ಸೊಟ್ಟಗಾದರೆ ಗಾಡಿಯ ಬೆಲೆಯಷ್ಟೇ ಖರ್ಚು.

ಕೊಳ್ಳುವ ಎಂಜಿನ್ನಿನ ಕುಲಗೋತ್ರವನ್ನೂ ವಿಚಾರಿಸಿ. ಒಂದು ಉದಾಹರಣೆ: ಬಿಎಂಡಬ್ಲ್ಯು ಕಂಪನಿ 2007ರಿಂದ ಹಾಕಿದ ಎನ್47 ಎಂಬ ಡೀಸೆಲ್ ಎಂಜಿನ್ನಿನಲ್ಲಿ ಟೈಮಿಂಗ್ ಚೈನು ಹಿಂಬದಿಗೆ, ಗೇರ್‌ಬಾಕ್ಸಿನ ಕಡೆಗಿದೆ. ಮೊದಲ ವರ್ಷಗಳ ಎಂಜಿನ್ನುಗಳಲ್ಲಿ ಈ ಚೈನು ಬೇಗ ಸವೆಯುತ್ತಿತ್ತೆಂಬುದು ಲೋಕಪ್ರಸಿದ್ಧ. ಚೈನಿನ ಬೆಲೆ ದೊಡ್ಡದಲ್ಲ, ಅದನ್ನು ಮುಟ್ಟಲು ಎಂಜಿನ್ನನ್ನೇ ಹೊರಗೆ ತೆಗೆಯಬೇಕಾಗುವ ಕೂಲಿ ದೊಡ್ಡದು. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟು ಮಾಡಿ, ಹಿಂಬದಿಯಿಂದ ಸರಪಣಿ ಎಳೆದ ಸದ್ದು ಬಂದರೆ ನಮಸ್ಕಾರ ಹೇಳಿ ಬನ್ನಿ. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವೂ ಕೆಲಕಾಲ ಹಸಿರಾಗಿಯೇ ನಿಂತಿರುತ್ತದೆ. ಹೊರಗಿನ ಪಾಲಿಶು ನೋಡಿ ಗಾಡಿ ಕೊಳ್ಳುವುದೂ ಹಾಗೆಯೇ.

ನಮ್ಮ ಮಳೆ, ನಮ್ಮ ಎಲೆ, ನಮ್ಮ ಇಲಿ

ಜರ್ಮನಿಯಲ್ಲಿ ಕೂತು ಗಾಡಿ ಮಾಡಿದವರಿಗೆ ಸಿಲ್ವರ್ ಓಕಿನ ಎಲೆಯ ವಿಚಾರ ಗೊತ್ತಿರಲಿಕ್ಕಿಲ್ಲ. ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ಟಿನ ಹಿಂತುದಿಯಲ್ಲಿ ಮಳೆನೀರು ಹರಿದುಹೋಗಲು ಒಂದು ಕಾಲುವೆ ಮತ್ತು ಎರಡು ತೂತುಗಳಿರುತ್ತವೆ. ಮರದ ಕೆಳಗೆ ನಿಲ್ಲಿಸಿದ ಗಾಡಿಯಲ್ಲಿ ಎಲೆ ಕೊಳೆತು ಆ ತೂತು ಕಟ್ಟುತ್ತದೆ. ಕಟ್ಟಿದ ನೀರು ಪಕ್ಕದ ಎಲೆಕ್ಟ್ರಾನಿಕ್ ಪೆಟ್ಟಿಗೆಗೋ ಕಾಲಡಿಯ ಕಾರ್ಪೆಟ್ಟಿಗೋ ಇಳಿಯುತ್ತದೆ. ಆಮೇಲೆ ವೈಪರು ತನ್ನಷ್ಟಕ್ಕೆ ಆಡುತ್ತದೆ, ಗಾಜು ಇಳಿಯುವುದಿಲ್ಲ, ಒಂದು ದಿನ ಸ್ಟಾರ್ಟೇ ಆಗುವುದಿಲ್ಲ. ಆಷಾಢದಲ್ಲಿ ನಮಗೆ ಆದದ್ದು ಇದೇ. 28,000 ರೂಪಾಯಿ ಹೋದ ಮೇಲೆ ಕಲಿತ ಪಾಠ: ಜೂನ್ ಮೊದಲಿಗೆ ಆ ಎಲೆಗಳನ್ನು ಕೈಯಿಂದ ತೆಗೆದು, ಒಂದು ಚೊಂಬು ನೀರು ಹೊಯ್ದು, ನೀರು ಚಕ್ರದ ಹಿಂದೆ ನೆಲಕ್ಕೆ ಬೀಳುವುದನ್ನು ಕಣ್ಣಾರೆ ನೋಡಬೇಕು. ಮೇಲ್ಛಾವಣಿಯಲ್ಲಿ ಕಿಟಕಿ ಇದ್ದರೆ ಅದರ ಮೂಲೆಯ ತೂತುಗಳಿಗೂ ಇದೇ ಉಪಚಾರ. ಕಾಸಿನ ಖರ್ಚಿಲ್ಲ.

ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಇಳಿಯುತ್ತದೆ. ಬ್ಯಾಟರಿ ಇಳಿದರೆ ಈ ಗಾಡಿಗಳ ಕಂಪ್ಯೂಟರುಗಳು ಇಲ್ಲದ ರೋಗಗಳನ್ನೆಲ್ಲ ಹೇಳತೊಡಗುತ್ತವೆ. ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡರೆ ಗ್ಯಾರೇಜಿಗೆ ಓಡುವ ಮುನ್ನ ಬ್ಯಾಟರಿ ಪರೀಕ್ಷೆ ಮಾಡಿಸಿ. ಶೆಡ್ಡಿನಲ್ಲಿ ಅಡಿಕೆ, ಭತ್ತದ ಹೊಟ್ಟು ಇದ್ದಲ್ಲಿ ಇಲಿ ಇದ್ದೇ ಇರುತ್ತದೆ. ಬಾನೆಟ್ಟಿನೊಳಗೆ ಅದು ಬೆಚ್ಚಗೆ ಕೂತು ವೈರು ಕಡಿಯುತ್ತದೆ. ವಾರಕ್ಕೊಮ್ಮೆ ಬಾನೆಟ್ಟು ತೆರೆದು ನೋಡುವ ಅಭ್ಯಾಸವೇ ಇದಕ್ಕೆ ಮದ್ದು.

ಬ್ರೇಕು

ಈಗ ಚಾರ್ಮಾಡಿಯ ವಿಚಾರ. ಆ ಗಾಡಿಯ ಬ್ರೇಕ್ ಪ್ಯಾಡು ಸವೆದಿರಲಿಲ್ಲ. ಕೆಟ್ಟಿದ್ದು ಬ್ರೇಕ್ ಆಯಿಲ್. ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್-4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮ. ತೇವ ಹೀರಿದ್ದಕ್ಕೆ ಈ ಮಟ್ಟ 155 ಡಿಗ್ರಿ. ಎರಡು ಟನ್ನಿನ ಆಸುಪಾಸಿನ ಗಾಡಿಯನ್ನು ಆಟೋಮ್ಯಾಟಿಕ್ಕೆಂದು ಡಿ ಗೇರಿನಲ್ಲೇ ಬಿಟ್ಟು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಘಾಟಿ ಇಳಿದರೆ ಡಿಸ್ಕು ಕಾದು, ಆಯಿಲ್ ಕುದಿದು, ಒಳಗೆ ಆವಿಯಾಗುತ್ತದೆ. ಆವಿಯನ್ನು ಎಷ್ಟು ಒತ್ತಿದರೂ ಕುಗ್ಗುತ್ತದೆಯೇ ಹೊರತು ಬ್ರೇಕು ಹಿಡಿಯುವುದಿಲ್ಲ. ಆ ಗಾಡಿಯಲ್ಲಿ ಆಯಿಲ್ ಬದಲಿಸಿದ ದಾಖಲೆ ಆರು ವರ್ಷದಿಂದ ಇರಲಿಲ್ಲ. ಬದಲಿಸಲು ತಗಲುವ ಖರ್ಚು ಎರಡು ಮೂರು ಸಾವಿರ ರೂಪಾಯಿ.

ಹಾಗಾಗಿ ಎರಡು ವರ್ಷಕ್ಕೊಮ್ಮೆ, ನಮ್ಮ ತೇವದ ಸೀಮೆಯಲ್ಲಿ ತಪ್ಪದೆ, ಬ್ರೇಕ್ ಆಯಿಲ್ ಬದಲಿಸಿ. ಘಾಟಿಯಲ್ಲಿ ಏರುವ ಗೇರಿನಲ್ಲೇ ಇಳಿಯಬೇಕೆಂಬುದು ಲಾರಿಯವರ ಹಳೆಯ ಪಾಠ. ಆಟೋಮ್ಯಾಟಿಕ್ ಗಾಡಿಯಲ್ಲೂ ಗೇರನ್ನು ಕೈಯಿಂದ ಇಳಿಸುವ ಅನುಕೂಲ ಇರುತ್ತದೆ, ಅದನ್ನು ಬಳಸಿ.

ಕೆಲವು ಗಾಡಿಗಳ ಬ್ರೇಕು ಇನ್ನೂ ಜಟಿಲ. ಮರ್ಸಿಡಿಸ್-ಬೆಂಜ್ ಕಂಪನಿ 2002ರಲ್ಲಿ ಹೊರತಂದ ಇ-ಕ್ಲಾಸ್ ಮಾದರಿಯಲ್ಲಿ ಎಸ್‌ಬಿಸಿ ಎಂಬ ವಿದ್ಯುತ್ ಬ್ರೇಕನ್ನು ಹಾಕಿತ್ತು. ಅದರಲ್ಲಿ ಪೆಡಲು ಸಂಜ್ಞೆ ಕೊಡುತ್ತದೆ, ಒತ್ತಡ ಕೊಡುವುದು ವಿದ್ಯುತ್ ಪಂಪು. 2004ರಲ್ಲಿ ಒಮ್ಮೆ, 2005ರಲ್ಲಿ ಮತ್ತೊಮ್ಮೆ ಕಂಪನಿಯು ಲಕ್ಷಾಂತರ ಗಾಡಿಗಳನ್ನು ತಪಾಸಣೆಗೆ ಹಿಂದಕ್ಕೆ ಕರೆಯಿತು, 2006ರ ಪರಿಷ್ಕೃತ ಮಾದರಿಯಲ್ಲಿ ಆ ಪದ್ಧತಿಯನ್ನೇ ಕೈಬಿಟ್ಟಿತು. ಆ ಘಟಕವು ತಾನು ಎಷ್ಟು ಸಲ ದುಡಿದೆನೆಂದು ಎಣಿಸಿಕೊಂಡು, ಆಯುಷ್ಯ ಮುಗಿದಾಗ ಎಚ್ಚರಿಕೆ ಕೊಡುತ್ತದೆ. ಎಚ್ಚರಿಕೆ ಕಂಡ ಮೇಲೆ ಓಡಿಸುವುದು ಸಲ್ಲದು. ಇಂಥ ಗಾಡಿಯ ಪ್ಯಾಡು ಬದಲಿಸುವ ಮುನ್ನ ಪದ್ಧತಿಯನ್ನು ಕಂಪ್ಯೂಟರಿನಿಂದ ನಿಷ್ಕ್ರಿಯಗೊಳಿಸಲೇಬೇಕು, ಇಲ್ಲವಾದರೆ ಅದು ತನ್ನಷ್ಟಕ್ಕೆ ಒತ್ತಡ ಕೊಟ್ಟು ಮೆಕ್ಯಾನಿಕ್ಕಿನ ಬೆರಳು ಜಜ್ಜೀತು. ಅಗ್ಗಕ್ಕೆ ಸಿಗುವ 2006ಕ್ಕಿಂತ ಹಿಂದಿನ ಇ-ಕ್ಲಾಸನ್ನು ನೋಡಹೋಗುವವರು ಇದನ್ನು ಮೊದಲು ವಿಚಾರಿಸಿ.

ಇದರ ಜೊತೆಗೇ ಗಾಳಿಚೀಲ. ಜಪಾನಿನ ತಕಾಟಾ ಕಂಪನಿಯ ಏರ್‌ಬ್ಯಾಗುಗಳಲ್ಲಿದ್ದ ಅಮೋನಿಯಂ ನೈಟ್ರೇಟ್ ರಾಸಾಯನಿಕವು ಬಿಸಿ ಮತ್ತು ತೇವದ ಹವೆಯಲ್ಲಿ ವರ್ಷಗಳು ಕಳೆದಂತೆ ಕೆಟ್ಟು, ಉಬ್ಬುವ ಬದಲು ಸಿಡಿದು ಲೋಹದ ಚೂರು ಎಸೆದದ್ದರಿಂದ ಲೋಕದಲ್ಲಿ ಜೀವಹಾನಿಯಾಗಿದೆ. ಹಲವು ಕಂಪನಿಗಳ ಕಾರುಗಳಲ್ಲಿ ಅವಿದ್ದವು. ಗಾಡಿಯ ಚಾಸಿ ನಂಬರನ್ನು ಆಯಾ ಕಂಪನಿಗೆ ಕೊಟ್ಟರೆ ಬದಲಾವಣೆ ಬಾಕಿ ಇದೆಯೇ ಎಂದು ತಿಳಿಸುತ್ತಾರೆ. ಬಾಕಿ ಇದ್ದರೆ ಉಚಿತವಾಗಿ ಮಾಡಿಕೊಡುತ್ತಾರೆ.

ಕಾಗದಪತ್ರ

ದೆಹಲಿ ವಲಯದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಓಡಾಟಕ್ಕೆ 2015ರಲ್ಲಿ ಹಸಿರು ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಿದ ಮೇಲೆ ಅಲ್ಲಿನ ಗಾಡಿಗಳು ಅಗ್ಗವಾಗಿ ಬೇರೆ ರಾಜ್ಯಗಳಿಗೆ ಹರಿದುಬಂದವು. ಅಂಥ ಗಾಡಿ ಇಲ್ಲಿ ನೋಂದಣಿಯಾಗಬೇಕಾದರೆ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಅದನ್ನು ಲೆಕ್ಕ ಹಾಕುವುದು ನೀವು ಕೊಟ್ಟ ಬೆಲೆಯ ಮೇಲಲ್ಲ. ಗಾಡಿಯ ಮೂಲ ಬೆಲೆ ಹಿಡಿದು, ವಯಸ್ಸಿಗೆ ತಕ್ಕ ಕಡಿತ ಕೊಟ್ಟು ಹಾಕುತ್ತಾರೆ. ಅಗ್ಗವೆಂದು ತಂದವರು ಆರ್‌ಟಿಒ ಕಚೇರಿಯಲ್ಲಿ ಬೆವರೊರೆಸಿಕೊಂಡದ್ದನ್ನು ನಾವು ನೋಡಿದ್ದೇವೆ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಯೋಗ್ಯತಾ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲಿನಿಂದ ನವೀಕರಣ ಶುಲ್ಕ ಕಾರಿಗೆ 5,000 ರೂಪಾಯಿ, ಆಮದು ಮಾಡಿದ ಕಾರಿಗೆ 40,000. ಇಪ್ಪತ್ತು ವರ್ಷ ದಾಟಿದವಕ್ಕೆ 2025ರ ಆಗಸ್ಟಿನ ಅಧಿಸೂಚನೆಯಂತೆ 10,000 ಮತ್ತು 80,000. ಆದ್ದರಿಂದ ಗಾಡಿ ನಮ್ಮ ದೇಶದಲ್ಲಿ ಜೋಡಿಸಿದ್ದೋ ಹೊರಗಿನಿಂದ ಇಡಿಯಾಗಿ ಬಂದದ್ದೋ ಎಂಬುದನ್ನು ಕೊಳ್ಳುವ ಮುನ್ನವೇ ನೋಡಿಕೊಳ್ಳಿ.

ವಿಮೆಯಲ್ಲೂ ಇದೇ ಕಥೆ. ಸಾಧಾರಣ ಪಾಲಿಸಿಯಲ್ಲಿ ರಬ್ಬರು, ಪ್ಲಾಸ್ಟಿಕ್ ಭಾಗಗಳಿಗೆ ಬೆಲೆಯ ಅರ್ಧ ಮಾತ್ರ ಕೊಡುತ್ತಾರೆ, ಹತ್ತು ವರ್ಷ ದಾಟಿದ ಗಾಡಿಯ ಲೋಹದ ಭಾಗಗಳಿಗೂ ಅರ್ಧವೇ. ರಿಪೇರಿ ಖರ್ಚು ಘೋಷಿತ ಮೌಲ್ಯದ ನೂರಕ್ಕೆ 75 ಮೀರಿದರೆ ಗಾಡಿ ಪೂರ್ತಿ ನಷ್ಟವೆಂದೇ ಲೆಕ್ಕ. ಚರಂಡಿಗೆ ಬಿದ್ದ ಗಾಡಿಯ ಬಿಲ್ಲು 1,90,000 ರೂಪಾಯಿ ಆದಾಗ ವಿಮೆಯಿಂದ ಬಂದದ್ದು ಅದರ ಅರ್ಧಕ್ಕಿಂತ ಕಡಿಮೆ. ಉಳಿದದ್ದಕ್ಕೇ ಆ ಬೆಳೆ ಸಾಲದ ಅರ್ಜಿ.

ಯಾವುದು ಮೊದಲು, ಯಾವುದು ಆಮೇಲೆ

ಗಾಡಿ ಈಗಾಗಲೇ ಅಂಗಳದಲ್ಲಿದೆ, ಏನು ಮಾಡೋಣ ಎಂದು ಕೇಳುವವರಿಗೆ ನಮ್ಮ ಸಲಹೆ: ಕೆಲಸಗಳನ್ನು ಮೂರು ಪಟ್ಟಿ ಮಾಡಿ. ಮೊದಲನೆಯದು ಜೀವಕ್ಕೆ ಸಂಬಂಧಿಸಿದ್ದು: ಬ್ರೇಕು, ಟೈರು, ಸ್ಟೀರಿಂಗು, ಏರ್‌ಬ್ಯಾಗು. ಇದರಲ್ಲಿ ಚೌಕಾಸಿ ಬೇಡ, ನಾಳೆ ಎನ್ನುವುದೂ ಬೇಡ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತಿರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 1418 ಎಂದಿದ್ದರೆ 2018ರ ಹದಿನಾಲ್ಕನೆಯ ವಾರದ ಟೈರು. ಪಟ್ಟೆ ಉಳಿದಿದ್ದರೂ ಅದರ ಕಾಲ ಮುಗಿದಿದೆ.

ಎರಡನೆಯದು ಇನ್ನೊಂದು ಖರ್ಚನ್ನು ಹುಟ್ಟಿಸುವಂಥದ್ದು: ನೀರಿನ ಸೋರಿಕೆ, ಆಯಿಲ್ ಸೋರಿಕೆ, ಗೇರ್‌ಬಾಕ್ಸ್ ಆಯಿಲ್, ಗಾಳಿಚೀಲದ ಬಿರುಕು. ಇವನ್ನು ತಿಂಗಳೊಳಗೆ ಮಾಡಿಸಿ.

ಮೂರನೆಯದು ಅಂದಚಂದ: ತಾನೇ ಮುಚ್ಚುವ ಡಿಕ್ಕಿ, ಮಸಾಜು ಮಾಡುವ ಸೀಟು, ಹಿಂದಿನ ಕಿಟಕಿಯ ಪರದೆ. ಇವು ಕೆಟ್ಟರೆ ಕೆಟ್ಟುಕೊಂಡಿರಲಿ. ನಮ್ಮ ಗಾಡಿಯ ಪರದೆ ಒಂದು ವರ್ಷದಿಂದ ಅರ್ಧಕ್ಕೆ ನಿಂತಿದೆ, ನಮಗೇನೂ ತೊಂದರೆಯಾಗಿಲ್ಲ.

ಬಿಡಿಭಾಗ ಕೊಳ್ಳುವಾಗ ಚಾಸಿ ನಂಬರು ಕೊಟ್ಟು ಭಾಗದ ಸರಿಯಾದ ಸಂಖ್ಯೆ ತೆಗೆದುಕೊಳ್ಳಿ. ಕಾರು ಕಂಪನಿಗಳು ಬಹಳಷ್ಟು ಭಾಗಗಳನ್ನು ತಾವೇ ಮಾಡುವುದಿಲ್ಲ. ಬಾಷ್, ಮಾಹ್ಲೆ, ಸಾಕ್ಸ್, ಲೆಮ್‌ಫೋರ್ಡರ್ ಮೊದಲಾದವರು ಮಾಡಿಕೊಡುತ್ತಾರೆ. ಅದೇ ತಯಾರಕರ ಭಾಗ ಅವರದೇ ಪೆಟ್ಟಿಗೆಯಲ್ಲಿ ಬಂದರೆ ಸಾಮಾನ್ಯವಾಗಿ ಅಗ್ಗ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸದೆ ಮೊದಲು ಹೇಳಿದ ಬೆಲೆಗೆ ಒಪ್ಪಬೇಡಿ. ಬಾಗಿಲು, ದೀಪ, ಕನ್ನಡಿ ಇವನ್ನು ಗುಜರಿಯಿಂದ ತರಬಹುದು. ಬ್ರೇಕು, ಏರ್‌ಬ್ಯಾಗು ಮಾತ್ರ ಗುಜರಿಯಿಂದ ಕೂಡದು. ಬದಲಿಸಿದ ಹಳೆಯ ಭಾಗವನ್ನು ಗ್ಯಾರೇಜಿನಿಂದ ಕೇಳಿ ಮನೆಗೆ ತನ್ನಿ.

ಇನ್ನೂ ಕೊಂಡಿಲ್ಲದವರಿಗೆ ಒಂದೇ ಮಾತು. ಎಂಟು ಲಕ್ಷದ ಗಾಡಿ ಕೊಳ್ಳುವವರ ಕೈಯಲ್ಲಿ ಹನ್ನೆರಡು ಲಕ್ಷ ಇರಲಿ. ಮಿಕ್ಕ ನಾಲ್ಕು ಲಕ್ಷ ಗಾಡಿಯ ಹೆಸರಿನಲ್ಲೇ ಬ್ಯಾಂಕಿನಲ್ಲೋ ಸಂಘದಲ್ಲೋ ಠೇವಣಿಯಾಗಿರಲಿ. ಅಷ್ಟಿಲ್ಲದಿದ್ದರೆ ಎಂಟು ಲಕ್ಷಕ್ಕೆ ಹೊಸ ಸಣ್ಣ ಕಾರೇ ಮೇಲು. ಕೊಳ್ಳುವ ಮುನ್ನ ಮಾರುವವನಿಗೆ ಸಂಬಂಧವಿಲ್ಲದ ಗ್ಯಾರೇಜಿನಲ್ಲಿ ಐದಾರು ಸಾವಿರ ಕೊಟ್ಟು ಪರೀಕ್ಷೆ ಮಾಡಿಸಿ. ನಾವು ಆ ಐದು ಸಾವಿರ ಉಳಿಸಿದ್ದೆವು.

ಹಿಂದಿನದೊಂದು ನೆನಪು

1994ರಲ್ಲಿ ಬ್ರೆಜಿಲ್ಲಿನಲ್ಲಿ ಹಿಮ ಬಿದ್ದು ಕಾಫಿ ಬೆಲೆ ಏರಿದಾಗ ನಾವು ಪದವಿ ಮುಗಿಸಿ ತೋಟಕ್ಕೆ ಬಂದು ಕೆಲವೇ ವರ್ಷವಾಗಿತ್ತು. ಪುಣೆಯಲ್ಲಿ ಮರ್ಸಿಡಿಸ್ ಕಾರು ಜೋಡಣೆ ಶುರುವಾದದ್ದು ಮರುವರ್ಷ, 1995ರಲ್ಲಿ. ನಮ್ಮ ಸೀಮೆಯಲ್ಲೂ ದೊಡ್ಡ ಕಾರುಗಳು ಕಾಣಿಸಿಕೊಂಡವು. 2001, 2002ರಲ್ಲಿ ಬೆಲೆ ನೆಲ ಕಚ್ಚಿದಾಗ ಅವುಗಳಲ್ಲಿ ಕೆಲವು ಶೆಡ್ಡಿನಲ್ಲಿ ಟೈರು ಕುಸಿದು ನಿಂತದ್ದನ್ನೂ, ಆಳುಗಳ ಬಟವಾಡೆಗೆಂದು ಬಂದ ಬೆಲೆಗೆ ಹೋದದ್ದನ್ನೂ ಕಂಡಿದ್ದೇವೆ. ಏರಿದ ಬೆಲೆ ಇಳಿಯುವ ದಿನ ಬರುತ್ತದೆ. ಆ ದಿನ ತೋಟಕ್ಕೆ ಗೊಬ್ಬರವೋ ಗಾಡಿಗೆ ಗೇರ್‌ಬಾಕ್ಸೋ ಎಂದು ಆರಿಸಿಕೊಳ್ಳುವ ಸ್ಥಿತಿ ಯಾವ ಸದಸ್ಯರಿಗೂ ಬಾರದಿರಲಿ.

ಆ ಅರ್ಜಿಯ ವಿಚಾರ ಕೇಳುವವರಿದ್ದೀರಿ. ಬೆಳೆ ಸಾಲವನ್ನು ಬೆಳೆಗಲ್ಲದೆ ಕೊಡಲು ಬರುವುದಿಲ್ಲವೆಂದು ಅವರಿಗೆ ತಿಳಿಸಿದೆವು. ಅವರೂ ಒಪ್ಪಿ ಅರ್ಜಿ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಅವರ ಬಿಲ್ಲನ್ನೂ ನಮ್ಮ ಪುಸ್ತಕವನ್ನೂ ಮೇಜಿನ ಮೇಲಿಟ್ಟು ಮೂರು ಪಟ್ಟಿ ಮಾಡಿದ್ದು ಅವರ ಜೊತೆಗೇ. ಬ್ರೇಕು, ಚಕ್ರ, ಸ್ಟೀರಿಂಗಿನ ಕೆಲಸ ಮುಗಿದಿದೆ. ಬಂಪರು ಇನ್ನೂ ತಂತಿಯಲ್ಲಿ ಕಟ್ಟಿಕೊಂಡಿದೆ. ಅವರ ತಾಯಿಯವರು ಮಾತ್ರ ಈಗ ಧರ್ಮಸ್ಥಳಕ್ಕೆ ಬಸ್ಸಿನಲ್ಲೇ ಹೋಗುವುದೆಂದು ಹಟ ಹಿಡಿದಿದ್ದಾರಂತೆ.

ನಮ್ಮ ಗಾಡಿಯನ್ನು ಸದ್ಯಕ್ಕೆ ಇಟ್ಟುಕೊಂಡಿದ್ದೇವೆ. 2027ರಲ್ಲಿ ನೋಂದಣಿ ನವೀಕರಣದ ಹೊತ್ತಿಗೆ ಇಡುವುದೋ ಬಿಡುವುದೋ ಎಂದು ತೀರ್ಮಾನ. ಖರ್ಚಿನ ಪುಸ್ತಕ ಬಿಲ್ಲುಗಳ ಸಮೇತ ಸಂಘದ ಕಚೇರಿಯಲ್ಲಿ ನಮ್ಮ ಮೇಜಿನ ಎಡಗಡೆ ಡ್ರಾಯರಿನಲ್ಲಿದೆ. ಗಾಡಿ ಕೊಳ್ಳುವ ಯೋಚನೆಯಿರುವ ಸದಸ್ಯರು ಕಚೇರಿ ವೇಳೆಯಲ್ಲಿ ಬಂದು, ಒಂದು ಲೋಟ ಕಾಫಿ ಕುಡಿದು, ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿಕೊಂಡು ಹೋಗಬೇಕಾಗಿ ವಿನಂತಿ.

— ಕಾರ್ಯದರ್ಶಿ